ಕರಿ ಪರದೆಯಲ್ಲಿ ಕನ್ನಡಕ್ಕೆ ಬರೀ ಚೌಕವೇ?

ಕನ್ನಡದ ತರುಣರೇ, ವಿಂಡೋಸಿನ ಹಳೆಯ ಕಮಾಂಡ್ ಕಿಟಕಿಯಲ್ಲಿ ಕನ್ನಡ ಹೆಸರಿನ ಫೈಲುಗಳನ್ನು ಪಟ್ಟಿ ಮಾಡಿಸಿ ನೋಡಿ. ಕಾಣುವುದು ಖಾಲಿ ಚೌಕಗಳು! ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದೆ. ಆದರೂ ಈ ಗತಿ ಏಕೆ? ‘ಸಿಎಚ್‌ಸಿಪಿ 65001’ ಎಂದು ಒತ್ತಿದರೆ ಸಾಲದು, ಅದು ಸಂಕೇತ ಪದ್ಧತಿಯನ್ನಷ್ಟೇ ಬದಲಿಸುತ್ತದೆ. ಕನ್ನಡ ಫಾಂಟೂ ಬೇಕು, ಒತ್ತು ಕೂಡಿಸುವ ಏರ್ಪಾಡೂ ಬೇಕು. ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ ಆರು ಸಂಕೇತ. ಇಂಗ್ಲಿಷಿನ ಅಳತೆಗೆ ಮಾಡಿದ ಮನೆಗಳಲ್ಲಿ ಅದು ಚೂರುಚೂರು! ಸೀಸದ ಮೊಳೆ ಜೋಡಿಸಿ ನಮ್ಮ ಕಂಪೋಜಿಟರುಗಳು ಮಾಡಿದ ಕೆಲಸ ಕಂಪ್ಯೂಟರಿಗೆ ಆಗದೇ? ವಿಂಡೋಸ್ ಟರ್ಮಿನಲ್ಲಿನ ಮೂಲ ಕೋಡು 2019ರಿಂದ ಎಲ್ಲರಿಗೂ ತೆರೆದಿದೆ. ಕೋಡು ಬಲ್ಲ ಕನ್ನಡಿಗರೇ, ದೂರು ಬರೆಯಿರಿ, ತಿದ್ದಿ ಕಳಿಸಿ. ನಾಮಫಲಕದಲ್ಲಿ ಕನ್ನಡ ಕೇಳಿದವರು ನಾವು. ಕರಿ ಪರದೆಯಲ್ಲೂ ಕೇಳೋಣ!