ಅಲ್-ಫಾಶಿರ್‌ನ ದಾರಿಯಲ್ಲಿ ಒಬ್ಬೊಬ್ಬರಾಗಿ ನಿಂತವರು

ಸುಡಾನಿನ ಹಸಿವಿನ ಕುರಿತು ಮಾತೆತ್ತಿದಾಗಲೆಲ್ಲ ನಮ್ಮವರಿಂದ ಸಾಮಾನ್ಯವಾಗಿ ಎರಡು ಉತ್ತರಗಳು ಬರುತ್ತವೆ. ಅದು ಮುಸ್ಲಿಮರ ಒಳಜಗಳ, ಯಾರ ಪರವೂ ಮಾತನಾಡದೆ ದುಆ ಮಾಡುವುದೇ ಲೇಸು ಎಂಬುದು ಮೊದಲನೆಯದು. ವಿಶ್ವಸಂಸ್ಥೆಯಿದೆ, ಹತ್ತಾರು ಪರಿಹಾರ ಸಂಸ್ಥೆಗಳಿವೆ, ಅವರು ಅನ್ನ ಮುಟ್ಟಿಸುತ್ತಾರೆ, ನಾವು ಕೈಲಾದಷ್ಟು ಹಣ ಕೊಟ್ಟರಾಯಿತು ಎಂಬುದು ಎರಡನೆಯದು. ಮೊದಲನೆಯದು ಹೇಡಿತನ, ಅದರ ಬಗ್ಗೆ ಮುಂದೆ ಹೇಳುತ್ತೇವೆ. ಎರಡನೆಯದು ಸಜ್ಜನರ ಭ್ರಮೆ. ಹಣವಿದ್ದರೂ ದಾರಿಯಿಲ್ಲದಿದ್ದರೆ ಅನ್ನ ತಲುಪುವುದಿಲ್ಲ. ಸುಡಾನಿನಲ್ಲಿ ಆ ದಾರಿಯನ್ನು ತೆರೆಸುವ ಹೊತ್ತಿಗೆ ಪರಿಹಾರ ಸಂಸ್ಥೆಗಳು ಒಂದೇ ದನಿಯಲ್ಲಿ ಮಾತನಾಡಲಿಲ್ಲ. ಬಂದೂಕು ಹಿಡಿದವರ ಮುಂದೆ ಒಂದೊಂದಾಗಿ ಅರ್ಜಿ ಹಿಡಿದು ನಿಂತವು. ಒಬ್ಬೊಬ್ಬರಾಗಿ ಬರುವವರನ್ನು ಕಾಯಿಸುವುದು ಬಾಗಿಲು ಕಾಯುವವನಿಗೆ ಬಹಳ ಸುಲಭ.

2025ರ ಜೂನ್ 2ರಂದು ನಡೆದುದನ್ನೇ ನೋಡೋಣ. ವಿಶ್ವ ಆಹಾರ ಕಾರ್ಯಕ್ರಮ ಮತ್ತು ಯುನಿಸೆಫ್ ಜಂಟಿಯಾಗಿ ಕಳುಹಿಸಿದ 15 ಲಾರಿಗಳು ಕೆಂಪು ಸಮುದ್ರದ ದಂಡೆಯ ಪೋರ್ಟ್ ಸುಡಾನಿನಿಂದ ಹೊರಟು, 1,800 ಕಿ.ಮೀ.ಗೂ ಹೆಚ್ಚು ದೂರ ಕ್ರಮಿಸಿ, ಉತ್ತರ ದಾರ್ಫುರಿನ ಅಲ್-ಕೂಮಾ ಎಂಬಲ್ಲಿ ಮುಂದಿನ ಅನುಮತಿಗಾಗಿ ಕಾದು ನಿಂತಿದ್ದವು. ಮುತ್ತಿಗೆಗೆ ಸಿಲುಕಿದ ಅಲ್-ಫಾಶಿರ್ ನಗರಕ್ಕೆ ಅಲ್ಲಿಂದ ಉಳಿದಿದ್ದುದು ಸುಮಾರು 80 ಕಿ.ಮೀ. ಮಾತ್ರ. ಆ ರಾತ್ರಿ ಲಾರಿಗಳ ಮೇಲೆ ದಾಳಿಯಾಯಿತು. ಜೊತೆಯಲ್ಲಿದ್ದ ಐವರು ಪ್ರಾಣ ತೆತ್ತರು, ಆಹಾರ ಸುಟ್ಟುಹೋಯಿತು. ಲಾರಿಗಳು ಯಾವ ದಾರಿಯಲ್ಲಿ ಸಾಗುತ್ತವೆಂದು ಎಲ್ಲ ಪಕ್ಷಗಳಿಗೂ ಮೊದಲೇ ತಿಳಿಸಲಾಗಿತ್ತು. ಜನರಲ್ ಬುರ್ಹಾನರ ಸೇನೆ ಆರ್‌ಎಸ್‌ಎಫ್ ಎಂಬ ಅರೆಸೇನಾಪಡೆಯತ್ತ ಬೊಟ್ಟು ಮಾಡಿತು, ಹಮೀದ್ತಿಯ ಆರ್‌ಎಸ್‌ಎಫ್ ಸೇನೆಯತ್ತ ಬೊಟ್ಟು ಮಾಡಿತು. ಆಹಾರವಿತ್ತು, ವಾಹನವಿತ್ತು, ಪ್ರಾಣ ಪಣಕ್ಕಿಟ್ಟ ಚಾಲಕರಿದ್ದರು, ಮುನ್ಸೂಚನೆಯೂ ಇತ್ತು. ಕೊಟ್ಟ ಮಾತನ್ನು ಮುರಿದವನು ಬೆಲೆ ತೆರಬೇಕಾಗುತ್ತದೆ ಎಂಬ ಭಯವೊಂದು ಮಾತ್ರ ಇರಲಿಲ್ಲ.

ಅಲ್-ಫಾಶಿರ್ ಎಂಬ ಹೆಸರು ಕನ್ನಡಿಗರಿಗೆ ತೀರ ಅಪರಿಚಿತವೇನಲ್ಲ. 2023ರ ಏಪ್ರಿಲ್ 15ರಂದು, ರಮಝಾನಿನ ಕೊನೆಯ ದಿನಗಳಲ್ಲಿ, ಈ ಯುದ್ಧ ಸ್ಫೋಟಿಸಿದಾಗ ನಮ್ಮ ರಾಜ್ಯದ ಹಕ್ಕಿಪಿಕ್ಕಿ ಸಮುದಾಯದ ಹಲವರು ಅದೇ ಊರಿನಲ್ಲಿ ಸಿಲುಕಿದ್ದರು. ವಿಧಾನಸಭಾ ಚುನಾವಣೆಯ ಗದ್ದಲದ ನಡುವೆಯೂ ಅವರ ಸುದ್ದಿ ಪತ್ರಿಕೆಗಳ ಮುಖಪುಟಕ್ಕೆ ಬಂದಿತ್ತು. ‘ಆಪರೇಷನ್ ಕಾವೇರಿ’ಯ ಮೂಲಕ ಭಾರತ 3,800ಕ್ಕೂ ಹೆಚ್ಚು ಮಂದಿಯನ್ನು ಆ ದೇಶದಿಂದ ಕರೆತಂದಿತು, ಹೆಚ್ಚಿನವರು ಪೋರ್ಟ್ ಸುಡಾನಿನಿಂದ ಜಿದ್ದಾ ದಾಟಿ ಬಂದರು. ಹಲವು ದೇಶಗಳು ಒಟ್ಟಿಗೆ ಒತ್ತಾಯಿಸಿದಾಗ ಅದೇ ಸೇನಾನಿಗಳು 72 ಗಂಟೆಗಳ ಕದನವಿರಾಮಕ್ಕೆ ಒಪ್ಪಿದ್ದರು. ಅದು ಅರೆಬರೆಯಾಗಿ ಪಾಲನೆಯಾಯಿತೆಂಬುದು ನಿಜ. ಆದರೂ ಪರದೇಶಿಯರು ಹೊರಬರುವಷ್ಟು ದಾರಿ ತೆರೆಯಿತು. ಅಂದರೆ ದಾರಿ ತೆರೆಯುವುದು ಅಸಾಧ್ಯವಾಗಿರಲಿಲ್ಲ. ಯಾರು ಕೇಳುತ್ತಾರೆ, ಎಷ್ಟು ಜನ ಒಟ್ಟಾಗಿ ಕೇಳುತ್ತಾರೆ ಎಂಬುದೇ ಪ್ರಶ್ನೆಯಾಗಿತ್ತು.

ಪರದೇಶಿಯರು ಹೊರಟುಹೋದ ಮೇಲೆ ಉಳಿದವರ ಪಾಡು? ಸೇನೆಯ ಆಡಳಿತವಿರುವ ಕಡೆ ಮಾನವೀಯ ನೆರವು ಆಯೋಗ ಎಂಬ ಸರಕಾರಿ ಕಚೇರಿ ವೀಸಾ, ಪ್ರಯಾಣ ಪರವಾನಿಗೆ, ಸರಕಿನ ಪಟ್ಟಿ ಎಲ್ಲಕ್ಕೂ ಮುದ್ರೆಯೊತ್ತಬೇಕು. ಗಡಿ ದಾಟಿ ಆರ್‌ಎಸ್‌ಎಫ್ ಹಿಡಿತದ ನೆಲಕ್ಕೆ ಕಾಲಿಟ್ಟರೆ ಆ ಪಡೆ ತಾನೇ ಹುಟ್ಟುಹಾಕಿದ ಇನ್ನೊಂದು ನೆರವು ಕಚೇರಿ ಕಾದು ಕುಳಿತಿರುತ್ತದೆ. ಅದಕ್ಕೂ ನೋಂದಣಿ ಬೇಕು, ಶುಲ್ಕ ಬೇಕು. ಒಂದು ಮೂಟೆ ಜೋಳ ಹಸಿದವನ ಬಾಯಿಗೆ ಬೀಳಬೇಕಾದರೆ ಆತನನ್ನು ಹಸಿವಿಗೆ ದೂಡಿದ ಇಬ್ಬರೂ ಸಹಿ ಹಾಕಬೇಕು. ಇದಕ್ಕೆ ಸಮನ್ವಯ ಎಂಬ ಗೌರವದ ಹೆಸರು!

ಚಾಡ್ ದೇಶದ ಗಡಿಯಲ್ಲಿರುವ ಅಡ್ರೆ ಎಂಬ ದ್ವಾರದ ಕಥೆ ಇನ್ನೂ ಕಹಿಯಾದುದು. ಪಶ್ಚಿಮ ದಾರ್ಫುರಿನ ಜುನೈನಾ ಅಲ್ಲಿಂದ ಸುಮಾರು 30 ಕಿ.ಮೀ. ದೂರದಲ್ಲಿದೆ. ಶಸ್ತ್ರಾಸ್ತ್ರ ಸಾಗಣೆಯಾಗುತ್ತದೆಂಬ ಕಾರಣ ನೀಡಿ ಪೋರ್ಟ್ ಸುಡಾನಿನ ಸರಕಾರ 2024ರ ಫೆಬ್ರವರಿಯಲ್ಲಿ ಆ ಮಾರ್ಗವನ್ನು ಮುಚ್ಚಿತು. ಶಸ್ತ್ರಗಳು ಬೇರೆ ದಾರಿಗಳಿಂದ ಬರುತ್ತಲೇ ಇದ್ದವು. ನಿಂತದ್ದು ಗೋಧಿಯ ಲಾರಿಗಳು. ಆಗಸ್ಟ್ 1ರಂದು ಝಂಝಂ ಶಿಬಿರದಲ್ಲಿ ಕ್ಷಾಮವಿದೆಯೆಂದು ತಜ್ಞರ ಸಮಿತಿ ಘೋಷಿಸಿತು. ಆಗಸ್ಟ್ 15ರಂದು ದ್ವಾರವನ್ನು ಮೂರು ತಿಂಗಳ ಮಟ್ಟಿಗೆ ತೆರೆಯುವುದಾಗಿ ಸರಕಾರ ಹೇಳಿತು. ಅಷ್ಟರಲ್ಲಿ ಮಳೆಗಾಲ ಹಿಡಿದು ಹಳ್ಳಗಳು ತುಂಬಿ ರಸ್ತೆಗಳು ಕೊಚ್ಚಿಹೋಗಿದ್ದವು. ಮಕ್ಕಾದ ಪುಣ್ಯಜಲದ ಹೆಸರು ಹೊತ್ತ ಊರಿನಲ್ಲಿ ಮಕ್ಕಳು ಹಸಿವಿನಿಂದ ಸತ್ತರೆಂಬುದನ್ನು ನಾವು ಪಾಠ ಹೇಳುವ ಮಕ್ಕಳಿಗೆ ಹೇಗೆ ವಿವರಿಸುವುದು?

ಆರ್‌ಎಸ್‌ಎಫ್ ಮಾಡಿದ್ದು ಇದಕ್ಕಿಂತ ಘೋರ. 2024ರ ಮೇ ತಿಂಗಳಿನಿಂದ 2025ರ ಅಕ್ಟೋಬರ್ 26ರಂದು ನಗರ ಬೀಳುವವರೆಗೆ ಅದು ಅಲ್-ಫಾಶಿರನ್ನು ಮುತ್ತಿತ್ತು. ಸುತ್ತಲೂ ಮಣ್ಣಿನ ಒಡ್ಡು ಹಾಕಿತ್ತು. ಮುತ್ತಿಗೆ ನಿಲ್ಲಿಸಬೇಕೆಂದು ಭದ್ರತಾ ಮಂಡಳಿ 2024ರ ಜೂನಿನಲ್ಲಿ 2736ನೇ ನಿರ್ಣಯ ಮಾಡಿದರೂ ಅದು ಕಿವಿಗೊಡಲಿಲ್ಲ. ಒಂದು ವಾರ ಕದನ ನಿಲ್ಲಿಸಿರೆಂದು ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಮರುವರ್ಷ ಕೇಳಿಕೊಂಡಾಗ ಬುರ್ಹಾನ್ ಒಪ್ಪಿದರು, ಆರ್‌ಎಸ್‌ಎಫ್ ಒಪ್ಪಲಿಲ್ಲ. ಒಳಗಿನ ಜನ ‘ಅಂಬಾಝ್’ ತಿಂದು ಬದುಕಿದರು. ನಮ್ಮ ರೈತರು ಅದನ್ನು ಶೇಂಗಾ ಹಿಂಡಿ ಎನ್ನುತ್ತಾರೆ. ಎತ್ತಿಗೆ, ಎಮ್ಮೆಗೆ ಹಾಕುತ್ತಾರೆ.

ಇಬ್ಬರ ಅಪರಾಧವೂ ಸಮನಲ್ಲ, ಒಪ್ಪೋಣ. ಆದರೆ ಆಹಾರವನ್ನು ಆಯುಧವಾಗಿ ಬಳಸುವ ಹಕ್ಕು ಯಾವ ಪಕ್ಷಕ್ಕೂ ಇಲ್ಲವೆಂದು ಹೇಳಲು ನಮಗೆ ಜಿನೀವಾದ ಒಪ್ಪಂದಗಳಿಗಾಗಿ ಕಾಯುವ ಅಗತ್ಯವಿರಲಿಲ್ಲ. ಯಮಾಮದ ನಾಯಕ ಸುಮಾಮ ಬಿನ್ ಉಸಾಲ್(ರ) ಇಸ್ಲಾಮ್ ಸ್ವೀಕರಿಸಿದ ಬಳಿಕ ಮಕ್ಕಾಕ್ಕೆ ಧಾನ್ಯ ಹೋಗದಂತೆ ತಡೆದರು. ಆ ಮಕ್ಕಾ ಆಗ ಪ್ರವಾದಿಯವರ(ಸ) ವೈರಿಗಳ ನಗರ. ಅವರನ್ನೂ ಅವರ ಸಂಗಡಿಗರನ್ನೂ ಮನೆ ಬಿಟ್ಟೋಡಿಸಿದ ನಗರ. ಹಸಿವಿನ ಬಿಸಿ ತಟ್ಟಿದಾಗ ಕುರೈಶರು ಪ್ರವಾದಿಯವರಿಗೇ ಮೊರೆಯಿಟ್ಟರು. ಧಾನ್ಯವನ್ನು ಬಿಟ್ಟುಬಿಡುವಂತೆ ಅವರು ಸುಮಾಮರಿಗೆ ಬರೆದು ಕಳುಹಿಸಿದರು. ಶರತ್ತು ಹಾಕಲಿಲ್ಲ, ಸುಂಕ ಕೇಳಲಿಲ್ಲ, ಯಾರಿಗೆ ಹಂಚುತ್ತೀರೆಂದು ಪಟ್ಟಿ ತರಿಸಲಿಲ್ಲ. ಈ ಪ್ರಸಂಗವನ್ನು ಖುತ್ಬಾಗಳಲ್ಲಿ ಕ್ಷಮೆಯ ಕಥೆಯಾಗಿ ಹೇಳಿ ಮುಗಿಸುತ್ತೇವೆ. ಅದು ಕ್ಷಮೆಗಿಂತ ಹೆಚ್ಚಾಗಿ ಯುದ್ಧನೀತಿ.

ಮುತ್ತಿಗೆಯನ್ನು ಮುರಿಯುವ ಬಗೆಯೂ ನಮ್ಮ ಚರಿತ್ರೆಯಲ್ಲೇ ಇದೆ. ಶಿಅಬ್ ಅಬೀತಾಲಿಬಿನ ಬಹಿಷ್ಕಾರ ಸುಮಾರು ಮೂರು ವರ್ಷ ನಡೆಯಿತು. ಹಿಶಾಮ್ ಬಿನ್ ಅಮ್ರ್ ಎಂಬಾತ ರಾತ್ರಿ ವೇಳೆ ಒಂಟೆಗೆ ಧಾನ್ಯ ಹೇರಿ, ಕಣಿವೆಯ ಬಾಯಿಯಲ್ಲಿ ಮೂಗುದಾಣ ಕಳಚಿ, ಒಳಕ್ಕೆ ಅಟ್ಟಿಬಿಡುತ್ತಿದ್ದ. ಅದು ಪುಣ್ಯದ ಕೆಲಸವೇ. ಆದರೆ ಅದರಿಂದ ಬಹಿಷ್ಕಾರ ಮುರಿಯಲಿಲ್ಲ. ಕೊನೆಗೆ ಆತ ಝುಹೈರನ ಬಳಿಗೆ ಹೋದ. ನಾನೊಬ್ಬನೇ ಏನು ಮಾಡಲಿ, ಇನ್ನೊಬ್ಬನಿದ್ದರೆ ನೋಡೋಣ ಎಂಬರ್ಥದ ಉತ್ತರ ಬಂತು. ಇನ್ನೊಬ್ಬನಾಗಿ ತಾನಿದ್ದೇನೆಂದು ಹೇಳಿ, ಮೂರನೆಯವನನ್ನು, ನಾಲ್ಕನೆಯವನನ್ನು, ಐದನೆಯವನನ್ನು ಹುಡುಕಿದ. ಐವರೂ ರಾತ್ರಿ ಸೇರಿ ಮಾತು ಕಟ್ಟಿಕೊಂಡು, ಬೆಳಗ್ಗೆ ಕಅಬಾದ ಬಳಿ ಒಬ್ಬರ ಬೆನ್ನಿಗೊಬ್ಬರು ನಿಂತು ಕರಾರುಪತ್ರವನ್ನು ಧಿಕ್ಕರಿಸಿದಾಗ ಅಬೂಜಹಲನ ಕೂಗಾಟಕ್ಕೆ ಬೆಲೆ ಉಳಿಯಲಿಲ್ಲ. ಅವರಲ್ಲಿ ಯಾರೂ ಆಗ ಮುಸ್ಲಿಮರಾಗಿರಲಿಲ್ಲ ಎಂಬುದನ್ನೂ ನೆನಪಿಡಬೇಕು.

ಇಂದಿನ ಸಂಸ್ಥೆಗಳು ಬಹುಪಾಲು ರಾತ್ರಿಯ ಒಂಟೆಯಲ್ಲೇ ನಿಂತಿವೆ. ತನ್ನ ಲಾರಿ ದಾಟಿದರೆ ಸಾಕು ಎಂದು ಒಂದು ಸಂಸ್ಥೆ ಶುಲ್ಕ ತೆತ್ತರೆ, ಮರುದಿನ ಅದು ಎಲ್ಲರಿಗೂ ಕಾನೂನಾಗುತ್ತದೆ. ಹೇಳಿದವರನ್ನೇ ಕೆಲಸಕ್ಕೆ ಸೇರಿಸಿಕೊಳ್ಳಲು ಒಂದು ಸಂಸ್ಥೆ ಒಪ್ಪಿದರೆ, ಒಪ್ಪದ ಸಂಸ್ಥೆ ಮೊಂಡು ಎನಿಸಿಕೊಳ್ಳುತ್ತದೆ. ಸುಡಾನಿನ ಜನರಿಗೆ ಇದು ಹಳೆಯ ಅನುಭವ. 1989ರಲ್ಲಿ ಆರಂಭವಾದ ‘ಆಪರೇಷನ್ ಲೈಫ್‌ಲೈನ್ ಸುಡಾನ್’ ವಿಶ್ವಸಂಸ್ಥೆಯ ಅಂಗಗಳನ್ನೂ ಹತ್ತಾರು ಸ್ವಯಂಸೇವಾ ಸಂಸ್ಥೆಗಳನ್ನೂ ಒಂದೇ ಕೊಡೆಯಡಿ ತಂದು, ಖಾರ್ತೂಮಿನ ಸರಕಾರದೊಂದಿಗೂ ದಕ್ಷಿಣದ ಬಂಡಾಯಗಾರರೊಂದಿಗೂ ಮಾತುಕತೆ ನಡೆಸಿತು. ಆದರೆ ವಿಮಾನ ಎಲ್ಲಿ ಇಳಿಯಬೇಕು, ಎಲ್ಲಿ ಇಳಿಯಬಾರದು ಎಂಬ ಅಧಿಕಾರ ಖಾರ್ತೂಮಿನ ಕೈಯಲ್ಲೇ ಉಳಿಯಿತು. 1998ರ ಆರಂಭದಲ್ಲಿ ಬಹರುಲ್ ಗಝಾಲಿನ ಹಾರಾಟಕ್ಕೆ ಸರಕಾರ ವಾರಗಟ್ಟಲೆ ತಡೆಯೊಡ್ಡಿತು, ಅಲ್ಲಿ ಕ್ಷಾಮ ಭುಗಿಲೆದ್ದಿತು. ಒಂದಾಗಿ ನಿಂತರೂ ತಡೆಯುವ ಹಕ್ಕನ್ನು ಎದುರಾಳಿಗೇ ಬಿಟ್ಟುಕೊಟ್ಟರೆ ಎಲ್ಲರೂ ಒಂದೇ ಸಾಲಿನಲ್ಲಿ ಕಾಯುವುದಷ್ಟೇ ಆಗುತ್ತದೆ. ಸಿರಿಯಾದಲ್ಲಿ 2014ರ 2165ನೇ ನಿರ್ಣಯವು ದಮಸ್ಕಸ್‌ನ ಒಪ್ಪಿಗೆಯಿಲ್ಲದೆಯೇ ನಾಲ್ಕು ಗಡಿದ್ವಾರಗಳನ್ನು ತೆರೆಸಿತ್ತು. ಭದ್ರತಾ ಮಂಡಳಿಯ ಚೌಕಾಸಿಯಲ್ಲಿ 2020ರ ಹೊತ್ತಿಗೆ ಅವು ಒಂದಕ್ಕೆ ಇಳಿದವು. 2023ರ ಫೆಬ್ರವರಿ 6ರಂದು ಭೂಮಿ ಕಂಪಿಸಿದಾಗ ಉತ್ತರ ಸಿರಿಯಾಕ್ಕೆ ಆ ಒಂದೇ ದ್ವಾರದಿಂದ ವಿಶ್ವಸಂಸ್ಥೆಯ ಮೊದಲ ಲಾರಿಗಳು ದಾಟಿದ್ದು 9ರಂದು. ಅವಶೇಷಗಳಡಿಯಲ್ಲಿ ಸಿಲುಕಿದವರಿಗೆ ಮೂರು ದಿನಗಳೆಂದರೆ ಏನೆಂದು ವಿವರಿಸಬೇಕಿಲ್ಲ.

ಇಲ್ಲಿ ಒಂದು ಆಕ್ಷೇಪವಿದೆ, ಅದು ಹಗುರವಾದುದಲ್ಲ. ಎಲ್ಲ ಸಂಸ್ಥೆಗಳೂ ಒಟ್ಟಾಗಿ ಶರತ್ತುಗಳನ್ನು ನಿರಾಕರಿಸಿದರೆ, ಆ ಹಠದ ಬೆಲೆ ತೆರುವವರು ಯಾರು? ಹೊಟ್ಟೆ ತುಂಬಿದ ಅಧಿಕಾರಿಗಳಲ್ಲ, ಶಿಬಿರದ ಮಕ್ಕಳು. ಇದಕ್ಕೆ ನೋವಿಲ್ಲದ ಉತ್ತರವಿಲ್ಲ. ನಾವು ಕೇಳುತ್ತಿರುವುದು ಆಹಾರವನ್ನು ತಡೆದು ಹಿಡಿಯಿರೆಂದಲ್ಲ. ಶುಲ್ಕ, ಸೇನಾ ಬೆಂಗಾವಲು, ಹಂಚಿಕೆಯ ಪಟ್ಟಿ, ಸಿಬ್ಬಂದಿಯ ಆಯ್ಕೆ, ಈ ನಾಲ್ಕರ ವಿಷಯದಲ್ಲಿ ಯಾರೂ ಪ್ರತ್ಯೇಕವಾಗಿ ಒಪ್ಪಂದ ಮಾಡಿಕೊಳ್ಳಬಾರದು. ಯಾವ ದಿನ, ಯಾವ ಕಚೇರಿ, ಎಷ್ಟು ಲಾರಿಗಳನ್ನು ತಡೆಯಿತೆಂದು ಎಲ್ಲರ ಹೆಸರಿನಲ್ಲಿ ಪ್ರತಿ ವಾರ ಬಹಿರಂಗವಾಗಬೇಕು. ಇಂದು ಅವು ಮೆಲುದನಿಯಲ್ಲಿ ಮಾತನಾಡುವುದು ಹೊರದಬ್ಬಿಸಿಕೊಳ್ಳುವ ಭಯದಿಂದ. ಭಯಕ್ಕೆ ಕಾರಣವೂ ಇದೆ: 2009ರ ಮಾರ್ಚಿನಲ್ಲಿ ಬಶೀರ್ ಸರಕಾರ 13 ವಿದೇಶಿ ಸಂಸ್ಥೆಗಳನ್ನು ಒಮ್ಮೆಲೇ ಹೊರಹಾಕಿತು, 2025ರ ಅಕ್ಟೋಬರಿನಲ್ಲಿ ಈಗಿನ ಸರಕಾರ ವಿಶ್ವ ಆಹಾರ ಕಾರ್ಯಕ್ರಮದ ಇಬ್ಬರು ಹಿರಿಯ ಅಧಿಕಾರಿಗಳಿಗೆ ಬಾಗಿಲು ತೋರಿಸಿತು. ಒಬ್ಬೊಬ್ಬರಾಗಿ ಬಾಯಿ ತೆರೆದರೆ ಒಬ್ಬೊಬ್ಬರಾಗಿ ಹೊರಬೀಳುತ್ತಾರೆ ಎಂಬುದೇ ನಮ್ಮ ವಾದ.

ಇನ್ನು ನಮ್ಮ ಕಡೆಗೆ ಬರೋಣ. ದೇಣಿಗೆ ಕೊಡುವ ನಮ್ಮವರ ಮೊದಲ ಪ್ರಶ್ನೆ ಏನು? ಆಡಳಿತ ವೆಚ್ಚ ಎಷ್ಟು ಹಿಡಿಯುತ್ತೀರಿ? ಎರಡನೆಯದು? ಫೋಟೋ ಎಲ್ಲಿ? ಮೂಟೆಯ ಮೇಲೆ ದಾನಿಯ ಹೆಸರಿರಬೇಕು, ಹಿಂದೆ ಬ್ಯಾನರ್ ಇರಬೇಕು. ದಾರಿಯ ಮಾತುಕತೆ ನಡೆಸುವವನ, ನಕ್ಷೆ ಹಿಡಿದು ಕೂರುವವನ, ಹತ್ತು ಸಂಸ್ಥೆಗಳ ಸಭೆ ಕರೆಯುವವನ ಸಂಬಳಕ್ಕೆ ಕೊಡಲು ನಮಗೆ ಮನಸ್ಸಿಲ್ಲ; ಅವನ ಫೋಟೋ ಚೆನ್ನಾಗಿ ಬರುವುದಿಲ್ಲ! ಝಕಾತಿನ ಎಂಟು ಹಕ್ಕುದಾರರಲ್ಲಿ ಬಡವರು, ನಿರ್ಗತಿಕರ ಬೆನ್ನಿಗೇ ‘ಆಮಿಲೀನ್’ ಎಂಬ ವರ್ಗವೊಂದಿದೆಯೆಂದು ಮದ್ರಸಾದ ಮಕ್ಕಳಿಗೂ ಗೊತ್ತು. ಸಂಗ್ರಹಿಸುವ, ಲೆಕ್ಕವಿಡುವ, ತಲುಪಿಸುವ ಕೆಲಸಗಾರರು ಅವರು. ಆ ಕೆಲಸವನ್ನೇ ದುಂದು ಎನ್ನುವವರು ತಾವು ಯಾವ ಫಿಕ್‌ಹ್ ಓದಿದ್ದೇವೆಂದು ಹೇಳಲಿ.

ಮೊದಲು ಹೇಳಿದ ಹೇಡಿತನದ ಮಾತು. ಆರ್‌ಎಸ್‌ಎಫ್‌ಗೆ ಯುಎಇಯಿಂದ ಶಸ್ತ್ರಾಸ್ತ್ರ ಹೋಗುತ್ತಿದೆಯೆಂಬ ಆರೋಪಗಳು ನಂಬಲರ್ಹವೆಂದು ವಿಶ್ವಸಂಸ್ಥೆಯ ತಜ್ಞರ ತಂಡ 2024ರ ಜನವರಿಯ ವರದಿಯಲ್ಲಿ ಹೇಳಿತು. ಯುಎಇ ಅದನ್ನು ನಿರಾಕರಿಸುತ್ತಲೇ ಇದೆ. ಸೇನೆಯ ಬೆನ್ನಿಗೆ ಈಜಿಪ್ಟ್ ಇರುವುದೂ ಗುಟ್ಟೇನಲ್ಲ. ಭಟ್ಕಳದಿಂದ ಮಂಗಳೂರಿನವರೆಗೆ ಕೊಲ್ಲಿಯ ದುಡಿಮೆಯಿಂದ ಒಲೆ ಉರಿಯುವ ಮನೆಗಳು ಎಷ್ಟಿವೆಯೆಂದು ನಮಗೆ ಗೊತ್ತು. ಅಲ್ಲಿ ದುಡಿಯುವ ಯುವಕನು ಬೀದಿಗಿಳಿದು ಕೂಗಲೆಂದು ನಾವು ಹೇಳುವುದಿಲ್ಲ. ಊರಿನ ಮಿಂಬರುಗಳಿಗೆ ಏನಾಗಿದೆ? ಗಾಝಾದ ಮುತ್ತಿಗೆಯನ್ನು ಖಂಡಿಸಿದ ನಾಲಗೆ ಅಲ್-ಫಾಶಿರಿನ ಮುತ್ತಿಗೆಗೆ ತಡವರಿಸುವುದೇಕೆ? ಇಸ್ರೇಲ್ ತಡೆದರೆ ಅನ್ಯಾಯ, ನಮ್ಮವನೇ ತಡೆದರೆ ಫಿತ್ನಾ, ಮೌನವಾಗಿರಿ ಎನ್ನುವುದಾದರೆ ನಮ್ಮ ಖಂಡನೆ ಮುತ್ತಿಗೆಗೆ ಸಂಬಂಧಿಸಿದ್ದೇ ಅಲ್ಲ.

ಸುಡಾನಿನ ಜನ ಮಾತ್ರ ಯಾರಿಗೂ ಕಾಯಲಿಲ್ಲ. ಮೊಹಲ್ಲಾ ಮೊಹಲ್ಲಾಗಳಲ್ಲಿ ಯುವಕ ಯುವತಿಯರು ತುರ್ತು ಸಹಾಯ ತಂಡಗಳನ್ನು ಕಟ್ಟಿ ‘ತಕಾಯಾ’ಗಳನ್ನು ನಡೆಸಿದರು. ಸೂಫಿಗಳ ಅನ್ನದಾಸೋಹದಿಂದ ಬಂದ ಹೆಸರು ಅದು. ದೊಡ್ಡ ಹಂಡೆಗಳಲ್ಲಿ ಬೇಳೆ, ಗಂಜಿ ಬೇಯಿಸಿ ಕೇಳದೆ ಬಡಿಸಿದರು. ಎರಡೂ ಪಡೆಗಳು ಅವರನ್ನು ಹಿಡಿದು ಥಳಿಸಿದವು, ಕೆಲವರನ್ನು ಕೊಂದವು. 2025ರ ಆರಂಭದಲ್ಲಿ ಅಮೆರಿಕದ ನೆರವು ನಿಂತಾಗ ನೂರಾರು ಹಂಡೆಗಳು ತಣ್ಣಗಾದವು. ಆ ತಂಡಗಳಿಗೆ ಅದೇ ವರ್ಷ ‘ರೈಟ್ ಲೈವ್ಲಿಹುಡ್’ ಪ್ರಶಸ್ತಿ ಬಂತು. ಆದರೆ ದಾರಿಯ ಕುರಿತು ನಿರ್ಧಾರವಾಗುವ ಮೇಜಿನ ಸುತ್ತ ಅವರಿಗೆ ಇಂದಿಗೂ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ. ಯಾವ ಓಣಿಯಲ್ಲಿ ಯಾವ ಹೊತ್ತಿಗೆ ಚೀಲ ದಾಟಬಹುದೆಂದು ಬಲ್ಲವರು ಅವರೇ.

ಅಲ್-ಫಾಶಿರಿನಿಂದ ಪಾರಾದವರಲ್ಲಿ ಬಹಳಷ್ಟು ಮಂದಿ ಈಗ ಪಶ್ಚಿಮದ ತವೀಲಾದಲ್ಲಿ ಬಟ್ಟೆಯ ಗೂಡಾರಗಳಡಿ ಇದ್ದಾರೆ. ಅವರಿಗೆ ಹೋಗುವ ಧಾನ್ಯಕ್ಕೆ ಮುಖ್ಯ ಬಾಗಿಲು ಅದೇ ಅಡ್ರೆ. ಅದರ ಅನುಮತಿ ಇದುವರೆಗೆ ಕೆಲವೇ ತಿಂಗಳುಗಳ ಲೆಕ್ಕದಲ್ಲಿ ನವೀಕರಣಗೊಳ್ಳುತ್ತ ಬಂದಿದೆ. ಮುಂದಿನ ಗಡುವಿಗೆ ಮುನ್ನ ಎಲ್ಲ ಸಂಸ್ಥೆಗಳೂ ತಕಾಯಾದವರನ್ನು ಮುಂದಿಟ್ಟುಕೊಂಡು ಒಂದೇ ಪತ್ರದೊಂದಿಗೆ ಸರಕಾರದ ಬಳಿಗೆ ಹೋಗಲಿ. ಅಂತಹುದೇ ಪತ್ರ ಆರ್‌ಎಸ್‌ಎಫ್‌ನ ಕಚೇರಿಗೂ ಹೋಗಲಿ. ಅದರಲ್ಲಿ ಮುಕ್ತಾಯದ ದಿನಾಂಕವೆಂಬ ಖಾಲಿ ಜಾಗವೇ ಇರದಿರಲಿ.