ಅಜ್ಜಿಯ ತುರುಬು ಯಾರ ಅನುಕೂಲಕ್ಕೆ?

"ಮತ್ತೆ ಬೆಳೆಯುತ್ತೆ ಬಿಡಿ" ಎನ್ನುವ ಮಾತನ್ನು ಕಳೆದೊಂದು ವರ್ಷದಲ್ಲಿ ಕನಿಷ್ಠ ಹತ್ತು ಸಲವಾದರೂ ಕೇಳಿದ್ದೇನೆ. ಹೇಳಿದವರು ಯಾರೂ ಲೆಕ್ಕ ಹಾಕಿ ಹೇಳಿದವರಲ್ಲ. ತಲೆಗೂದಲು ತಿಂಗಳಿಗೆ ಹೆಚ್ಚೂಕಡಿಮೆ ಒಂದು ಸೆಂಟಿಮೀಟರ್ ಬೆಳೆಯುತ್ತದೆ. ವಯಸ್ಸಾದಂತೆ ಆ ವೇಗವೂ ತಗ್ಗುತ್ತದೆ, ಎಳೆ ತೆಳುವಾಗುತ್ತದೆ. ಕೈಗೆ ಸಿಗುವಂಥ ಒಂದು ತುರುಬು ಕಟ್ಟಬೇಕಾದರೆ ನಾಲ್ಕೈದು ವರ್ಷ ಕಾಯಬೇಕು. ನನ್ನ ಅಜ್ಜಿಗೆ 81. ಕಳೆದ ವರ್ಷ ಅವಳ ತುರುಬನ್ನು ಆಸ್ಪತ್ರೆಯ ಹಾಸಿಗೆಯ ಮೇಲೆ ಐದೇ ನಿಮಿಷದಲ್ಲಿ ಕತ್ತರಿಸಿ ತೆಗೆದರು.

ತೆಗೆದರು ಎಂದು ಬರೆಯುವುದು ಸುಲಭ. ತೆಗೆಸಿದವರು ನಾವು. ಅಜ್ಜಿ ಹಿತ್ತಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು. ಶಸ್ತ್ರಚಿಕಿತ್ಸೆಯಾಗಿ ಎರಡು ವಾರ ಮಲಗಿದ ಮೇಲೆ ಕೂದಲು ಗಂಟುಗಟ್ಟಿತ್ತು. ಆಯಾ ಅಮ್ಮನನ್ನು ಕೇಳಿದರು, ಅಮ್ಮ ಮಾವನನ್ನು ಕೇಳಿದಳು, ಮಾವ ನನಗೆ ಫೋನ್ ಮಾಡಿದ. ನಾನಾಗ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಕೂತು ಕನ್ನಡ ಕಾದಂಬರಿಗಳಲ್ಲಿ ವಿಧವೆಯರ ಕೇಶಮುಂಡನದ ಬಗ್ಗೆ ಟಿಪ್ಪಣಿ ಮಾಡುತ್ತಿದ್ದೆ. ನನ್ನ ಪಿಎಚ್‌ಡಿಯ ಮೂರನೇ ಅಧ್ಯಾಯ ಅದು. "ಹೂಂ ಮಾವ, ಅನುಕೂಲ ಆಗುತ್ತೆ ಅಂದ್ರೆ ಮಾಡ್ಸಿ" ಅಂದೆ. ನಾಲ್ಕು ಜನ ಒಬ್ಬರನ್ನೊಬ್ಬರು ಕೇಳಿಕೊಂಡೆವು. ಎಚ್ಚರವಾಗಿಯೇ ಇದ್ದ, ಕಿವಿ ಚೆನ್ನಾಗಿ ಕೇಳುವ, ಲೆಕ್ಕದಲ್ಲಿ ಇವತ್ತಿಗೂ ಮಾವನನ್ನು ಸೋಲಿಸುವ ಅಜ್ಜಿಯನ್ನು ಕೇಳಲಿಲ್ಲ.

ಅದೇ ವಾರ್ಡಿನ ಆಚೆ ತುದಿಯಲ್ಲಿ ಒಬ್ಬ ತಾತ ಇದ್ದರಂತೆ. ಮೂಗಿಗೆ ನಳಿಕೆ ಹಾಕಿ ಪ್ಲಾಸ್ಟರ್ ಅಂಟಿಸಲು ಅವರ ಮೀಸೆ ಅಡ್ಡ ಬಂತು. "ಮೀಸೆ ಸ್ವಲ್ಪ ತೆಗೀಲಾ ತಾತ?" ಎಂದು ಅವರನ್ನೇ ಕೇಳಿದರಂತೆ. ಅವರು ಬೇಡ ಎಂದು ತಲೆಯಾಡಿಸಿದ್ದಕ್ಕೆ ಕೆನ್ನೆಗೆ ಅಂಟಿಸಿ ಹೇಗೋ ಸುಧಾರಿಸಿದರು. ಇದನ್ನು ಅಮ್ಮ ಊಟದ ಹೊತ್ತಿನಲ್ಲಿ ತಮಾಷೆಯಾಗಿ ಹೇಳಿದಳು. ಆ ತಮಾಷೆಯೇ ನನ್ನ ನಿದ್ದೆ ಕೆಡಿಸಿದ್ದು. ಗಂಡಸಿನ ಮೀಸೆ ಎಂದರೆ ಅವನ ಮಾನ ಎಂದು ಆಸ್ಪತ್ರೆಗೂ ಗೊತ್ತು, ಮನೆಯವರಿಗೂ ಗೊತ್ತು. ಹೆಂಗಸಿನ ತುರುಬು ಐವತ್ತರವರೆಗೆ ಮನೆತನದ ಮಾನ, ಎಪ್ಪತ್ತರ ಮೇಲೆ ಬರೀ ಕಸ.

ನನ್ನ ವಾದ ಇಷ್ಟೇ: ವಯಸ್ಸಾದ ಹೆಂಗಸಿನ ಕೂದಲನ್ನು ಅವಳನ್ನು ಕೇಳದೆ ಕತ್ತರಿಸುವುದು ಆರೈಕೆಯಲ್ಲ. ಅದು ನಮ್ಮಲ್ಲಿ ಹಿಂದೆ ಇದ್ದ ಒಂದು ಅಭ್ಯಾಸದ ಹೊಸ ರೂಪ. ಶಾಸ್ತ್ರದ ಜಾಗಕ್ಕೆ ಅನುಕೂಲ ಬಂದು ಕೂತಿದೆ.

ಇದು ಅತಿಯಾಯಿತು ಎನ್ನುವವರು ಇದ್ದೀರಿ. ನನ್ನ ಮಾರ್ಗದರ್ಶಕರೂ ಹಾಗೇ ಅಂದರು. ನಮ್ಮದು ಮುಂಡನದ ಪದ್ಧತಿಯಿದ್ದ ಜಾತಿಯಲ್ಲ, ತಿಪಟೂರು ಕಡೆಯ ತೋಟದ ಮನೆ. ತಾತ ತೀರಿಕೊಂಡಾಗ ಅಜ್ಜಿಗೆ ಬಳೆ ಹೋಯಿತು, ಹೂವು ಹೋಯಿತು, ಕೂದಲನ್ನು ಯಾರೂ ಮುಟ್ಟಲಿಲ್ಲ. ಆದರೂ ಓದಿದ್ದನ್ನು ಮರೆಯಲಾಗದು. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ'ದಲ್ಲಿ ಬಾಲ್ಯದಲ್ಲೇ ವಿಧವೆಯಾಗಿ, ನೂರು ವರ್ಷಕ್ಕೂ ಮೀರಿ ಬೋಳುತಲೆಯಲ್ಲಿ ಬದುಕಿದ ಮುದುಕಿ, ತಲೆ ಬೋಳಿಸಿಕೊಳ್ಳಲು ಒಪ್ಪದ ಎಳೆಯ ವಿಧವೆಯ ಪರ ನಿಲ್ಲುತ್ತಾಳೆ. 1977ರ 'ಘಟಶ್ರಾದ್ಧ' ಸಿನಿಮಾ ನೋಡಿದವರಿಗೆ ಯಮುನಕ್ಕನ ಬೋಳುತಲೆ ಮರೆಯುವುದಿಲ್ಲ. ಈ ಕಥೆಗಳಲ್ಲಿ ತಲೆ ಬೋಳಿಸುವ ಮುನ್ನ ಗಂಡಸರು ಕೂತು ಚರ್ಚೆ ಮಾಡುತ್ತಾರೆ, ಊರು ಮಾತಾಡುತ್ತದೆ, ಯಾರೋ ಒಬ್ಬರಿಗಾದರೂ ಅಳುಕಾಗುತ್ತದೆ. 1890ರಲ್ಲಿ ಮುಂಬಯಿಯ ಕ್ಷೌರಿಕರು ವಿಧವೆಯರ ತಲೆ ಬೋಳಿಸುವ ಕೆಲಸವನ್ನು ನಾವು ಮಾಡುವುದಿಲ್ಲ ಎಂದು ಸಭೆ ಸೇರಿ ನಿಂತರು. ಕತ್ತಿ ಹಿಡಿದವರಿಗೆ ಆ ಅಳುಕು ಇತ್ತು. ನಾಲ್ಕು ಜನ ಓದಿದವರಿರುವ ನಮ್ಮ ಮನೆಯಲ್ಲಿ ಅಷ್ಟೂ ಇರಲಿಲ್ಲ. ಅಳುಕು ಹುಟ್ಟದ ಹಾಗೆ ಮಾಡುವ ಶಕ್ತಿ ಅನುಕೂಲ ಎಂಬ ಪದಕ್ಕಿದೆ.

ಯಾರ ಅನುಕೂಲ? ಆಯಾಳದ್ದು ಎನ್ನುತ್ತಾರೆ. ಆಯಾಳ ಮೇಲೆ ನನ್ನದೇನೂ ತಕರಾರಿಲ್ಲ. ಅಷ್ಟೊಂದು ಹಾಸಿಗೆಗಳ ಮಲಮೂತ್ರ ಬಳಿಯುವ ಹೆಂಗಸಿಗೆ ಜಡೆ ಹಾಕುತ್ತಾ ಕೂತುಕೋ ಎನ್ನಲು ನನಗೆ ಬಾಯಿಲ್ಲ. ಆದರೆ ಸಂಜೆ ನಾಲ್ಕರಿಂದ ಆರರವರೆಗೆ ನೋಡಲು ಬಂದ ನಾವು ಏನು ಮಾಡುತ್ತಿದ್ದೆವು? ಸ್ಟೂಲಿನ ಮೇಲೆ ಕೂತು ಮೊಬೈಲ್ ಉಜ್ಜುತ್ತಿದ್ದೆವು. ಸೇಬು ತಂದಿಟ್ಟೆವು, ಎಳನೀರು ಕುಡಿಸಿದೆವು. ಎರಡು ವಾರದಲ್ಲಿ ಒಬ್ಬರೂ ಬಾಚಣಿಗೆ ಒಯ್ಯಲಿಲ್ಲ. ಅಷ್ಟು ಮಾಡಿದ್ದರೆ ಗಂಟು ಕಟ್ಟುತ್ತಲೇ ಇರಲಿಲ್ಲ.

ಮಲಗಿದವರ ಕೂದಲು ಗಂಟಾಗುವುದಕ್ಕೆ ಕಾರಣ ಸರಳ. ತುರುಬು ಬಿಚ್ಚಿ ಬಿಟ್ಟ ಕೂದಲು ತಲೆಯ ಹಿಂಭಾಗದಲ್ಲಿ ಹತ್ತಿಯ ದಿಂಬಿಗೆ ಹಗಲೂ ರಾತ್ರಿ ಉಜ್ಜುತ್ತದೆ, ಬೆವರು ಸೇರುತ್ತದೆ. ಆಸ್ಪತ್ರೆಗೆ ಸೇರಿದ ದಿನವೇ ಬೈತಲೆ ತೆಗೆದು, ಎಣ್ಣೆ ಸವರಿ, ಕಿವಿಯ ಪಕ್ಕಕ್ಕೆ ಎರಡು ಸಡಿಲ ಜಡೆ ಹಾಕಿ ಎದೆಯ ಮೇಲೆ ಬಿಟ್ಟರೆ ಮುಗಿಯಿತು. ತಲೆಯ ಕೆಳಗೆ ಒಂದು ಹಳೇ ರೇಷ್ಮೆ ಬಟ್ಟೆ ಹಾಸಿದರೆ ಇನ್ನೂ ಒಳ್ಳೆಯದು. ಈಗಾಗಲೇ ಗಂಟಾಗಿದ್ದರೆ ನೀರು ಹಾಕಬಾರದು, ಇನ್ನಷ್ಟು ಬಿಗಿಯುತ್ತದೆ. ಎಣ್ಣೆ ನೆನೆಸಿ, ಬುಡವನ್ನು ಒಂದು ಕೈಯಲ್ಲಿ ಹಿಡಿದು, ತುದಿಯಿಂದ ಮೇಲಕ್ಕೆ ಬೆರಳಲ್ಲೇ ಬಿಡಿಸುತ್ತಾ ಬರಬೇಕು. ಒಂದೇ ದಿನಕ್ಕೆ ಆಗುವುದಿಲ್ಲ. ದಿನಕ್ಕೆ ಹದಿನೈದು ನಿಮಿಷ ಕೂತರೆ ಮೂರು ನಾಲ್ಕು ದಿನದಲ್ಲಿ ಆಗುತ್ತದೆ. ಇದನ್ನೆಲ್ಲ ನನಗೆ ಹೇಳಿಕೊಟ್ಟವಳು ಅಜ್ಜಿಯೇ, ನಾನು ಹೈಸ್ಕೂಲಿನಲ್ಲಿ ಹೇನು ಹತ್ತಿಸಿಕೊಂಡು ಬಂದಾಗ. ಆಗ ನನ್ನ ಕೂದಲು ಕತ್ತರಿಸೋಣ ಎಂದ ಅಪ್ಪನನ್ನು ಬೈದು ಕಳಿಸಿದ್ದಳು.

ಸಿಕ್ಕು ಬಿಡಿಸಲಾಗುವುದಿಲ್ಲ ಎನ್ನುವವರು ಒಮ್ಮೆ ಕೊಪ್ಪಳದ ಭಾಗ್ಯನಗರಕ್ಕೆ ಹೋಗಿ ಬರಲಿ. ಊರೂರು ಅಲೆದು, ಪಾತ್ರೆಯನ್ನೋ ಬಲೂನನ್ನೋ ಕೊಟ್ಟು ಕೊಂಡ ಉದುರುಗೂದಲ ಉಂಡೆಗಳು ಅಲ್ಲಿಗೆ ಬರುತ್ತವೆ. ಹೆಂಗಸರು ಕೂತು ಅವನ್ನು ಎಳೆ ಎಳೆಯಾಗಿ ಬಿಡಿಸುತ್ತಾರೆ. ಅದು ವಿಗ್ ಆಗಿ ವಿದೇಶಕ್ಕೂ ಹೋಗುತ್ತದೆ. ನೆಲಕ್ಕೆ ಬಿದ್ದ ಕೂದಲಿನ ಸಿಕ್ಕು ಬಿಡಿಸಬಹುದು, ಏಕೆಂದರೆ ಅದಕ್ಕೆ ಕಿಲೋ ಲೆಕ್ಕದಲ್ಲಿ ಬೆಲೆಯಿದೆ. ಮುದುಕಿಯ ತಲೆಯ ಮೇಲೆಯೇ ಇರುವ ಕೂದಲಿನ ಸಿಕ್ಕಿಗೆ ಮಾತ್ರ ಕತ್ತರಿ.

ಇದನ್ನೆಲ್ಲ ಓದಿ ನಾನು ಉದ್ದ ಜಡೆಯ ಪರ ವಕಾಲತ್ತು ಹಿಡಿದಿದ್ದೇನೆ ಎಂದುಕೊಳ್ಳಬೇಡಿ. ನನ್ನದೇ ಕೂದಲು ಭುಜ ಮುಟ್ಟುವುದಿಲ್ಲ. ನಮ್ಮ ಪಕ್ಕದ ಮನೆಯ ನಿವೃತ್ತ ಮೇಷ್ಟ್ರಮ್ಮ ಸಂಧಿವಾತದಿಂದ ಕೈ ಮೇಲೆತ್ತಲಾರದೆ, 63ನೇ ವಯಸ್ಸಿಗೆ ಕಿವಿಯ ಮಟ್ಟಕ್ಕೆ ಕೂದಲು ಕತ್ತರಿಸಿಕೊಂಡು ಬಂದರು. ಮಗ ಒಂದು ವಾರ ಮಾತು ಬಿಟ್ಟ. "ಈ ವಯಸ್ಸಲ್ಲಿ ಇದೇನು ವೇಷ" ಅಂದನಂತೆ. ನೋಡಿ, ತಾನಾಗಿ ಕತ್ತರಿಸಿಕೊಂಡರೆ ವೇಷ, ಬೇರೆಯವರು ಕತ್ತರಿಸಿದರೆ ಅನುಕೂಲ. ಉದ್ದ ಗಿಡ್ಡದ ಪ್ರಶ್ನೆಯೇ ಅಲ್ಲ ಇದು. ಐವತ್ತು ದಾಟಿದವರು ಹೀಗೆ ಕತ್ತರಿಸಿಕೊಂಡರೆ ಹತ್ತು ವರ್ಷ ಚಿಕ್ಕವರಾಗಿ ಕಾಣುತ್ತೀರಿ ಎಂದು ಬೋಧಿಸುವ ಪುರವಣಿಗಳದ್ದೂ, ಬಿಳಿಕೂದಲು ಕಂಡ ಕೂಡಲೇ ಡೈ ಪ್ಯಾಕೆಟ್ ತಂದುಕೊಡುವ ಸೊಸೆ ಮಗಳಂದಿರದ್ದೂ ಇದೇ ರೋಗ. ನರೆತ ಗಂಡಸನ್ನು ಸಾಲ್ಟ್ ಅಂಡ್ ಪೆಪ್ಪರ್ ಎಂದು ಹೊಗಳುವ ಬಾಯೇ ನರೆತ ಹೆಂಗಸಿಗೆ "ಯಾಕೆ, ಹುಷಾರಿಲ್ವಾ?" ಎನ್ನುತ್ತದೆ. ಮುದುಕಿಯ ತಲೆ ಎಲ್ಲರದ್ದು, ಮುದುಕಿಯದೊಂದು ಬಿಟ್ಟು.

ಶಸ್ತ್ರಚಿಕಿತ್ಸೆಗೆ ಸಹಿ ಬೇಕು, ಅರಿವಳಿಕೆಗೆ ಸಹಿ ಬೇಕು. ಕೂದಲಿಗೆ ಫಾರಂ ಇಲ್ಲ. ಫಾರಂ ಬೇಡ ಬಿಡಿ, ಬಂದರೆ ಅದಕ್ಕೂ ಮಾವನೇ ಸಹಿ ಹಾಕುತ್ತಾನೆ. "ಅಜ್ಜಿ, ಕೂದ್ಲು ಗಂಟಾಗೈತೆ, ಏನ್ ಮಾಡಾಣ?" ಎಂಬ ಒಂದು ವಾಕ್ಯ ಸಾಕಿತ್ತು. ಬಹುಶಃ ಅಜ್ಜಿಯೇ "ತೆಗ್ಸಾಕು ಅತ್ಲಾಗೆ" ಅನ್ನುತ್ತಿದ್ದಳೇನೋ. ಗೊತ್ತಾಗುವ ದಾರಿಯನ್ನು ನಾವೇ ಮುಚ್ಚಿದೆವು. ಮರೆವಿನ ಕಾಯಿಲೆ ಇರುವವರನ್ನು ಹೇಗೆ ಕೇಳುವುದು ಎಂದು ಗೆಳತಿಯೊಬ್ಬಳು ಕೇಳಿದಳು. ಬಾಚಣಿಗೆ ತೋರಿಸಿ ಕೇಳಬಹುದು, ಕನ್ನಡಿ ಹಿಡಿದು ಕೇಳಬಹುದು. ತಲೆ ಹಿಂದಕ್ಕೆಳೆದುಕೊಂಡರೆ ಅದೂ ಉತ್ತರವೇ.

ಅಜ್ಜಿ ಮನೆಗೆ ಬಂದ ಮೇಲೆ ಅತ್ತಿದ್ದನ್ನು ಯಾರೂ ನೋಡಲಿಲ್ಲ. ಸೆರಗನ್ನು ಎಂದೂ ತಲೆಗೆ ಹೊದೆಯದವಳು ಹೊದೆಯತೊಡಗಿದಳು. ಜಗುಲಿಗೆ ಬರುವುದನ್ನು ಬಿಟ್ಟಳು. ಬೆಳಿಗ್ಗೆ ಎದ್ದ ಕೂಡಲೇ ಎರಡೂ ಕೈ ತಾವಾಗಿ ಹಿಂದಲೆಗೆ ಹೋಗುತ್ತಿದ್ದವು, ಅಲ್ಲಿ ಏನೂ ಸಿಗದೆ ಅರೆಗಳಿಗೆ ನಿಂತು ಕೆಳಗಿಳಿಯುತ್ತಿದ್ದವು. ಮೊದಲ ವಾರ ಒಂದೇ ಒಂದು ಪ್ರಶ್ನೆ ಕೇಳಿದಳು: "ಕೂದ್ಲು ಎಲ್ ಹಾಕಿದ್ರಿ?" ಬಾಚುವಾಗ ಉದುರಿದ ಎಳೆಗಳನ್ನೂ ಉಂಡೆ ಮಾಡಿ ಗೋಡೆಯ ಸಂದಿಗೆ ಸಿಕ್ಕಿಸಿಟ್ಟು ಪಾತ್ರೆಯವನಿಗೆ ಕಾಯುತ್ತಿದ್ದ ಹೆಂಗಸು ಅವಳು. ಬ್ಯಾಂಡೇಜು ಹತ್ತಿಯ ಜೊತೆ ಆಸ್ಪತ್ರೆಯ ಡಬ್ಬಕ್ಕೆ ಹೋಯಿತು ಎಂದು ಹೇಳಲು ನಮಗೆ ಧೈರ್ಯವಾಗಲಿಲ್ಲ. ಅಮ್ಮ "ಎತ್ತಿಟ್ಟಿದೀನಿ ಕಣವ್ವ" ಎಂದಳು. ಅಜ್ಜಿ ಮತ್ತೆ ಕೇಳಲಿಲ್ಲ. ನಂಬಿದಳೆಂದು ನನಗನ್ನಿಸುವುದಿಲ್ಲ.

ಈಗ ಹದಿನಾಲ್ಕು ತಿಂಗಳಾಗಿದೆ. ಕೂದಲು ಕತ್ತಿನವರೆಗೆ ಬಂದಿದೆ. ಯುಗಾದಿಗೆ ಊರಿಗೆ ಹೋದಾಗ ಎಣ್ಣೆಯ ಬಟ್ಟಲು ಹಿಡಿದು ಅಜ್ಜಿಯ ಹಿಂದೆ ಕೂತು, "ಬಾಚ್ಲಾ ಅಜ್ಜಿ?" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಈಗ ಕೇಳ್ತೀಯಾ ಮಗಾ" ಎಂದು ಸೆರಗು ಸರಿಸಿದಳು.