ಗೋದಾಮಿನ ಲೆಕ್ಕದಲ್ಲಿ ಕಾಲುಗಳೂ ಇರಲಿ

ನಮ್ಮ ಹಳ್ಳಿಗಳಿಂದ ಹೊಸಕೋಟೆ, ನೆಲಮಂಗಲ ಕಡೆಯ ಗೋದಾಮುಗಳಿಗೆ ಕೆಲಸಕ್ಕೆ ಹೋಗುವ ಹಲವರು ಪಿಕರ್‌ಗಳು. ಆನ್‌ಲೈನ್ ಆರ್ಡರ್ ಬಂದಂತೆ ರ‍್ಯಾಕ್‌ನಿಂದ ಸಾಮಾನು ಹುಡುಕಿ ತರುವುದು ಅವರ ಕೆಲಸ. ಶಿಫ್ಟ್ ಮುಗಿಯುವಾಗ ಕಾಲು ಎಷ್ಟು ನೋಯುತ್ತದೆ ಎನ್ನುವುದು ಗೋದಾಮಿನವರು ಆರಿಸಿದ ಪದ್ಧತಿಯ ಮೇಲಿದೆ.

ಒಂದೊಂದೇ ಆರ್ಡರ್ ಹಿಡಿದು ಇಡೀ ಗೋದಾಮು ಸುತ್ತಿದರೆ ತಪ್ಪು ಕಡಿಮೆ, ನಡಿಗೆ ವಿಪರೀತ. ದಿನಕ್ಕೆ ಹತ್ತಿಪ್ಪತ್ತು ಆರ್ಡರ್ ಇರುವ ಕಡೆ ಅದೇ ಸಾಕು. ಹತ್ತಾರು ಆರ್ಡರ್‌ಗಳ ಸಾಮಾನು ಒಂದೇ ಸುತ್ತಿನಲ್ಲಿ ತರುವ ಬ್ಯಾಚ್ ಪದ್ಧತಿಯಲ್ಲಿ ನಡಿಗೆ ಉಳಿಯುತ್ತದೆ, ಆದರೆ ಟ್ರಾಲಿ ಭಾರ, ಆಮೇಲೆ ಬೇರ್ಪಡಿಸುವ ಕೆಲಸ ಬೇರೆ.

ಆರ್ಡರ್ ಸಾವಿರ ದಾಟುವ ದೊಡ್ಡ ಗೋದಾಮಿಗೆ ಝೋನ್ ಪದ್ಧತಿಯೇ ಸರಿ ಎಂದು ನನ್ನ ಮತ. ಒಬ್ಬೊಬ್ಬರಿಗೆ ಒಂದೊಂದು ಭಾಗ. ತಮ್ಮ ಭಾಗದ ಸಾಮಾನು ಹಾಕಿ ಬಾಕ್ಸನ್ನು ಮುಂದಿನವರಿಗೆ ಕೊಡುವುದು. ದೀಪಾವಳಿ ಸೇಲ್ ಹೊತ್ತಿಗೆ ಸೇರುವ ಹೊಸಬರೂ ನಾಲ್ಕು ರ‍್ಯಾಕ್ ಬೇಗ ಕಲಿಯುತ್ತಾರೆ.

ತೊಡಕೂ ಇದೆ. ಹೆಚ್ಚು ಮಾರಾಟವಾಗುವ ಸಾಮಾನಿನ ಝೋನ್‌ನಲ್ಲಿ ನಿಂತವರಿಗೆ ಉಸಿರಾಡಲೂ ಬಿಡುವಿಲ್ಲ, ಪಕ್ಕದ ಝೋನ್‌ನವರು ಕಾಯುತ್ತಾ ನಿಂತಿರುತ್ತಾರೆ. ಹಾಗಾಗಿ ಜಾಗ ಸರದಿಯಂತೆ ಬದಲಾಗಬೇಕು. ನಡಿಗೆ ಉಳಿಯಿತಲ್ಲ ಎಂದು ಗಂಟೆಯ ಟಾರ್ಗೆಟ್ ಏರಿಸಿದರೆ ಕಾಲಿನ ನೋವು ಸೊಂಟಕ್ಕೆ ಬಂತು, ಅಷ್ಟೇ. ಟಾರ್ಗೆಟ್ ನಿಗದಿ ಮಾಡುವ ದಿನ ಆ ಪಿಕರ್‌ಗಳನ್ನೂ ಕೂರಿಸಿಕೊಂಡು ಮಾತಾಡಲಿ.